ಚಿವುಟಿ, ಕೀಳಬೇಡಿ

ನಮಸ್ಕಾರ. ಅಡುಗೆಮನೆಯಲ್ಲಿ ರೇಡಿಯೊ ಹಾಕಿಕೊಂಡಿರುವ ಅಕ್ಕಂದಿರೇ, ತೋಟಕ್ಕೆ ಹೊರಟಿರುವ ಅಣ್ಣಂದಿರೇ,

ಯುಗಾದಿ ಹತ್ತಿರ ಬಂತು. ನಮ್ಮ ಚಿತ್ರದುರ್ಗದ ಸೀಮೆಯಲ್ಲಿ ಹೊಲ ಒಣಗಿದೆ, ಈಗ ಬೆರಕೆ ಸೊಪ್ಪು, ಅಂದರೆ ಹೊಲ ತೋಟದಲ್ಲಿ ತಾನೇ ಬೆಳೆಯುವ ನಾನಾ ಸೊಪ್ಪು, ಎಲ್ಲಿ ಸಿಗುತ್ತದೆ ಅಂತೀರಾ? ತಲೆ ಎತ್ತಿ ನೋಡಿ, ಹುಣಸೆಮರ ಚಿಗುರಿದೆ. ತೆಂಗಿನ ಬುಡದ ಹಸಿಯಲ್ಲಿ, ದಾವಣಗೆರೆ ಕಡೆಯಾದರೆ ಭದ್ರಾ ನಾಲೆಯ ಪಕ್ಕದಲ್ಲಿ, ಹೊನಗೊನ್ನೆ, ಗಣಿಕೆ, ಗೋಣಿಸೊಪ್ಪು ಇವೆ. ಕೊಯ್ಯಿರಿ. ಆದರೆ ಚಿವುಟಿ, ಕೀಳಬೇಡಿ.

ನಾನು ಕೃಷಿ ಓದುತ್ತಿದ್ದಾಗ ಹೊಸದುರ್ಗದ ಕಡೆ ಒಂದು ತೋಟದಲ್ಲಿ ಹೊನಗೊನ್ನೆಯನ್ನು ಬೇರು ಸಮೇತ ಕಿತ್ತು ಚೀಲಕ್ಕೆ ತುಂಬುತ್ತಿದ್ದೆ. ತೋಟದ ಅಜ್ಜಿ ಓಡಿ ಬಂದು ಕೈ ಹಿಡಿದುಕೊಂಡರು. "ಯವ್ವಾ, ನಾಳೆ ನಾವೇನು ತಿನ್ನೋಣ?" ಎಂದರು. ಬೈಗುಳವಲ್ಲ, ನಿಜವಾದ ಪ್ರಶ್ನೆ. ಹಿಂದಿನ ವಾರ ಅವರು ತುದಿ ಚಿವುಟಿದ್ದ ಕಡ್ಡಿ ತೋರಿಸಿದರು. ಒಂದು ತುದಿ ಹೋದ ಜಾಗದಲ್ಲಿ ಎರಡು ಕುಡಿ ಬಂದಿದ್ದವು! ಗೆಣ್ಣಿಗಿಂತ ತುಸು ಮೇಲೆ ಚಿವುಟಿದರೆ ಆ ಗೆಣ್ಣಿನಿಂದಲೇ ಮತ್ತೆ ಚಿಗುರುತ್ತದೆ. ನಾನು ಪುಸ್ತಕದಲ್ಲಿ ಓದಿದ್ದೆ, ಕೈಗೆ ಬಂದದ್ದು ಅವತ್ತು.

ಆಮೇಲೆ ಅಜ್ಜಿ ಊಟಕ್ಕೆ ಕೂರಿಸಿದರು. ಅಲಸಂದೆ ಕಾಳು ಮುಕ್ಕಾಲು ಬೆಂದ ಮೇಲೆ ಸೊಪ್ಪು ಹಾಕಿ, ಬೆಂದದ್ದನ್ನು ಬಸಿದರು. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಕಾಯಿ, ಜೊತೆಗೆ ಒಂದು ಹಿಡಿ ಬೆಂದ ಸೊಪ್ಪು, ಕಾಳು ರುಬ್ಬಿ, ಬಸಿದ ನೀರು, ಅಂದರೆ ಕಟ್ಟು, ಅದಕ್ಕೆ ಸೇರಿಸಿ ಕುದಿಸಿದರು. ಹುಳಿಗೆ ಹುಣಸೆಹಣ್ಣಿಲ್ಲ, ರುಬ್ಬುವಾಗಲೇ ಒಂದು ಹಿಡಿ ಹುಣಸೆ ಚಿಗುರು! ಉಳಿದ ಸೊಪ್ಪು, ಕಾಳಿಗೆ ಈರುಳ್ಳಿ ಒಗ್ಗರಣೆ ಕೊಟ್ಟು ಪಲ್ಯ. ಬಿಸಿ ಮುದ್ದೆ. ಅಂಥ ಬಸ್ಸಾರು ನಾನು ಮತ್ತೆಲ್ಲೂ ಉಂಡಿಲ್ಲ. ಈಗ ಕಟ್ಟನ್ನು ಸುಮ್ನೆ ಚರಂಡಿಗೆ ಸುರಿಯುವವರನ್ನು ನೋಡಿದರೆ ಸಂಕಟವಾಗುತ್ತದೆ. ರುಚಿ ಇರುವುದೇ ಅದರಲ್ಲಿ ಅಲ್ವಾ?

ಸಮಯ ಮುಗಿಯುತ್ತಾ ಬಂತು, ಬೇಗ ಹೇಳಿಬಿಡುತ್ತೇನೆ. ಬೇಸಿಗೆ ಭತ್ತಕ್ಕೆ ಕಳೆನಾಶಕ ಹೊಡೆದ ಗದ್ದೆಯ ಬದುವಿನ ಸೊಪ್ಪು ಬೇಡ. ಗುರುತು ಸಿಗದ ಗಿಡ ಮುಟ್ಟಬೇಡಿ, ಮನೆಯ ಹಿರಿಯರನ್ನು ಕರೆದುಕೊಂಡು ಹೋಗಿ. ಅಣ್ಣೆಸೊಪ್ಪು ಮಳೆ ಬಿದ್ದ ಮೇಲೆ ಬರುತ್ತದೆ, ಹೂ ಬಿಡುವ ಮೊದಲೇ ಕೊಯ್ಯಬೇಕು. ಹುಣಸೆ ಚಿಗುರು ಮಾತ್ರ ಕಾಯುವುದಿಲ್ಲ. ಎಲೆ ಬಲಿತರೆ ನಾರು, ಈ ವಾರವೇ ಹೋಗಿ.

ಕುಡುಗೋಲು ಬೇಡ. ಹೆಬ್ಬೆರಳು, ತೋರುಬೆರಳು ಸಾಕು. ಚಿವುಟಿ, ಕೀಳಬೇಡಿ. ನಮಸ್ಕಾರ.