ಆರು ಗಂಟೆಯೊಳಗೆ ಯಾರಿಗೆ ಫೋನ್ ಮಾಡುತ್ತೀರಿ?

ನಮಸ್ಕಾರ. ಹುಬ್ಬಳ್ಳಿ, ಧಾರವಾಡದ ಕಾಲೇಜುಗಳಿಂದ ಬಂದ ಎಲ್ಲರಿಗೂ ಸ್ವಾಗತ. ಗದಗಿನಿಂದ ಬೆಳಗಿನ ಬಸ್ಸು ಹಿಡಿದು ಬಂದವರೂ ಇದ್ದೀರಿ ಅಂತ ಕೇಳಿ ಖುಷಿಯಾಯಿತು.

ಸೈಬರ್ ಸೆಕ್ಯುರಿಟಿಗೆ ಬರಬೇಕು ಅನ್ನುವವರು ಜಾಸ್ತಿ ಕೇಳುವುದು ಯಾವ ಸರ್ಟಿಫಿಕೇಟ್ ಮಾಡಲಿ, ಯಾವ ಟೂಲ್ ಕಲಿಯಲಿ ಅಂತ. ಇವತ್ತು ನಾನೇ ಒಂದು ಪ್ರಶ್ನೆ ಕೇಳುತ್ತೇನೆ. ಈ ಕ್ಷೇತ್ರದಲ್ಲಿ ನಿಮ್ಮನ್ನು ಯಾರು ಬಲ್ಲರು?

ಯಾಕೆ ಕೇಳುತ್ತೇನೆ ಅಂದರೆ, ಒಂದು ಸಣ್ಣ ಸಹಕಾರಿ ಬ್ಯಾಂಕ್ ತೆಗೆದುಕೊಳ್ಳಿ. ಬೆಳಿಗ್ಗೆ ಬಾಗಿಲು ತೆರೆದರೆ ಸರ್ವರ್‌ನ ಫೈಲುಗಳೆಲ್ಲ ಲಾಕ್ ಆಗಿವೆ. ದುಡ್ಡು ಕೊಟ್ಟರೆ ಬಿಡುತ್ತೇವೆ ಅನ್ನುವ ಬರಹ ಸ್ಕ್ರೀನ್ ಮೇಲಿದೆ. ರ‍್ಯಾನ್ಸಮ್‌ವೇರ್. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ, ಇಂಥದ್ದು ಗಮನಕ್ಕೆ ಬಂದ 6 ಗಂಟೆಯೊಳಗೆ ಅವರಿಗೆ ವರದಿ ಮಾಡಬೇಕು. ಆ ಹೊತ್ತಿನಲ್ಲೇ ಯಾವ ಮಷಿನ್‌ನ ಕೇಬಲ್ ಕೀಳಬೇಕು, ಮಷಿನ್‌ನಲ್ಲಿ ಏನೇನು ನಡೆಯಿತು ಅನ್ನುವ ದಾಖಲೆ, ಅಂದರೆ ಲಾಗ್, ಅಳಿಯದಂತೆ ಹೇಗೆ ಉಳಿಸಬೇಕು, ಬ್ಯಾಕಪ್‌ಗೂ ತಗುಲಿದೆಯಾ ಅಂತ ನೋಡಬೇಕು. ಕಂಪ್ಯೂಟರ್ ನೋಡಿಕೊಳ್ಳುವ ಒಬ್ಬನೇ ಹುಡುಗ ಏನು ಮಾಡುತ್ತಾನೆ? ಇಂಥದ್ದನ್ನು ಮೊದಲೇ ಕಂಡ ಯಾರಿಗಾದರೂ ಫೋನ್ ಮಾಡುತ್ತಾನೆ. ಅಂಥವರು ಒಬ್ಬರು ಅವನಿಗೆ ಗೊತ್ತಿರಬೇಕು. ಅವರು ಫೋನ್ ಎತ್ತಬೇಕು.

ಎತ್ತುವುದು ನಂಬಿಕೆಯ ಮೇಲೆ. ಬ್ಯಾಂಕಿನ ಸುದ್ದಿ ಹೊರಗೆ ಹೋದರೆ ಠೇವಣಿ ಇಟ್ಟವರು ಗಾಬರಿಯಾಗಿ ಓಡಿ ಬರುತ್ತಾರೆ, ಅಲ್ವಾ? ಅದಕ್ಕೇ ಈ ಕ್ಷೇತ್ರದಲ್ಲಿ ಟ್ರಾಫಿಕ್ ಲೈಟ್ ಪ್ರೋಟೋಕಾಲ್ ಅಂತ ಒಂದು ಪದ್ಧತಿ ಇದೆ. ರೆಡ್ ಅಂದರೆ ಕೇಳಿದವರ ಹತ್ತಿರವೇ ಉಳಿಯಬೇಕು. ಆಂಬರ್ ಅಂದರೆ ಸಂಸ್ಥೆಯಲ್ಲಿ ಮತ್ತು ಅದರ ಗ್ರಾಹಕರಲ್ಲಿ ತಿಳಿಯಲೇಬೇಕಾದವರಿಗೆ ಮಾತ್ರ. ಗ್ರೀನ್ ಅಂದರೆ ಕ್ಷೇತ್ರದವರ ನಡುವೆ ಹಂಚಬಹುದು. ಕ್ಲಿಯರ್ ಅಂದರೆ ಎಲ್ಲರಿಗೂ. ಹೊಸಬರು ಮೊದಲು ಕಲಿಯಬೇಕಾದ್ದು ಇದು ಅಂತ ನನ್ನ ಖಚಿತ ಅಭಿಪ್ರಾಯ. ಗುಂಪಿನಲ್ಲಿ ಬಂದ ಸ್ಕ್ರೀನ್‌ಶಾಟನ್ನು ಸುಮ್ನೆ ಇನ್ನೊಂದು ಗುಂಪಿಗೆ ಕಳಿಸುವವರ ಮುಂದೆ ಯಾರೂ ಮನಸ್ಸು ಬಿಚ್ಚಿ ಮಾತಾಡುವುದಿಲ್ಲ.

"ನಮಗೆ ಬೆಂಗಳೂರಿನಲ್ಲಿ ಯಾರೂ ಗೊತ್ತಿಲ್ಲ ಸರ್" ಅನ್ನುತ್ತೀರಿ. ಆಪ್ತರೇ ಇರಬೇಕು ಅಂತ ಏನಿಲ್ಲ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಅಮೆರಿಕದ ಬಾಸ್ಟನ್ ಹತ್ತಿರ ಮಾಡಿದ್ದು. ಪರಿಚಯದವರ ಮೂಲಕ ಕೆಲಸ ಸಿಕ್ಕವರಲ್ಲಿ ಶೇ 16.7ರಷ್ಟು ಮಂದಿ ಮಾತ್ರ ಆ ಪರಿಚಯದವರನ್ನು ಪದೇಪದೇ ಭೇಟಿಯಾಗುತ್ತಿದ್ದರು. ಉಳಿದವರು ಆಗೊಮ್ಮೆ ಈಗೊಮ್ಮೆ, ಇಲ್ಲವೇ ತೀರಾ ಅಪರೂಪಕ್ಕೆ. ಯೋಚಿಸಿದರೆ ಸಹಜವೇ. ಹಾಸ್ಟೆಲ್ ಗೆಳೆಯನಿಗೆ ಗೊತ್ತಿರುವುದು ನಿಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ದೂರದವರಿಂದ ಬರುತ್ತದೆ. ಹಾಗಾಗಿ ಸೈಬರ್ ಸೆಕ್ಯುರಿಟಿಯವರು ಸೇರುವ ನಲ್, ಓವಾಸ್ಪ್ ಅನ್ನುವ ಸಮುದಾಯಗಳ ಸಭೆಗೆ ಆಗಾಗ ಹೋಗಿ ಬನ್ನಿ. ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಇಂಗ್ಲಿಷ್ ತಡವರಿಸಿದರೆ ಕನ್ನಡದಲ್ಲೇ ಕೇಳಿ, ಉತ್ತರಿಸುವವರು ಅಲ್ಲಿ ಸಿಗುತ್ತಾರೆ.

ಆದರೆ ನಿಮ್ಮೂರನ್ನು ಬಿಟ್ಟು ಓಡಬೇಡಿ. ನಗರ ಸಹಕಾರಿ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ 2018ರಲ್ಲೇ ಸೈಬರ್ ಭದ್ರತೆಯ ಮೂಲ ನಿಯಮಗಳನ್ನು ಕೊಟ್ಟಿದೆ. 2019ರ ಡಿಸೆಂಬರ್‌ನಲ್ಲಿ ಬ್ಯಾಂಕಿನ ಡಿಜಿಟಲ್ ಸೇವೆಗಳಿಗೆ ತಕ್ಕಂತೆ ಅವನ್ನು ಹಂತಹಂತವಾಗಿ ಬಿಗಿ ಮಾಡಿದೆ. ಆ ಸುತ್ತೋಲೆ ಓದಿ, ನಿಮ್ಮ ಬಡಾವಣೆಯ ಬ್ಯಾಂಕಿಗೆ ಹೋಗಿ, ಗ್ರಾಹಕರಿಗೆ ಆನ್‌ಲೈನ್ ಮೋಸದ ಬಗ್ಗೆ ಕನ್ನಡದಲ್ಲಿ ಒಂದು ಗಂಟೆ ಹೇಳಿಕೊಡುತ್ತೇವೆ ಅನ್ನಿ. ದುಡ್ಡು ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು ಅನ್ನುವುದು ನಮ್ಮ ಎಷ್ಟೋ ಹಿರಿಯರಿಗೆ ಇನ್ನೂ ತಿಳಿದಿಲ್ಲ. ಸೈಬರ್ ಅಪರಾಧ ನೋಡುವ ಪೊಲೀಸ್ ಠಾಣೆಯವರನ್ನೂ ಕರೆಯಿರಿ. ಒಂದು ಮಧ್ಯಾಹ್ನದಲ್ಲಿ ಮ್ಯಾನೇಜರ್, ಪೊಲೀಸರು, ಆ ಕಂಪ್ಯೂಟರ್ ಹುಡುಗ, ಮೂವರೂ ನಿಮಗೆ ಪರಿಚಯ.

ನಿಮ್ಮ ಕೆಲಸ ಕಣ್ಣಿಗೆ ಬೀಳುವಂತೆಯೂ ಇರಬೇಕು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ನಡೆಸುವ ಪಿಕೊಸಿಟಿಎಫ್ ಅನ್ನುವ ಸೈಬರ್ ಸೆಕ್ಯುರಿಟಿ ಸವಾಲುಗಳ ಸ್ಪರ್ಧೆ ಉಚಿತ. ಒಂದು ಸವಾಲು ಬಿಡಿಸಿ, ಎಲ್ಲಿ ಸಿಕ್ಕಿಬಿದ್ದಿರಿ, ಹೇಗೆ ಹೊರಬಂದಿರಿ ಅಂತ ಬರೆಯಿರಿ. ಸ್ಪರ್ಧೆ ನಡೆಯುತ್ತಿರುವಾಗ ಮಾತ್ರ ಉತ್ತರ ಹಾಕಬೇಡಿ. ಇನ್ನೊಂದು ವಿಷಯ ಗಟ್ಟಿಯಾಗಿ ಹೇಳುತ್ತೇನೆ. ಹೆಸರು ಮಾಡುವ ಆಸೆಗೆ ಯಾರದೋ ವೆಬ್‌ಸೈಟ್‌ಗೆ ಅನುಮತಿ ಇಲ್ಲದೆ ಕೈ ಹಾಕಬೇಡಿ. ಐಟಿ ಕಾಯ್ದೆಯ 66ನೇ ಕಲಂ ಪ್ರಕಾರ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಕೊನೆಗೆ, ಹಿರಿಯರಿಗೆ ಬರೆಯುವ ರೀತಿ. "ಸರ್, ಗೈಡ್ ಮಾಡಿ" ಅಂದರೆ ಅವರಿಗೆ ಏನು ಹೇಳಬೇಕೋ ತಿಳಿಯುವುದಿಲ್ಲ. "ಮೇಡಂ, ನಿಮ್ಮ ಮಾತು ಕೇಳಿದೆ. ಹೇಳಿದಂತೆ ಲಾಗ್ ನೋಡಿದೆ. ಈ ಸಾಲು ಅರ್ಥವಾಗಲಿಲ್ಲ. ನಾನು ಹೀಗೆ ಅಂದುಕೊಂಡಿದ್ದೇನೆ, ಸರಿಯಾ?" ಅಂತ ಬರೆಯಿರಿ. ಉತ್ತರ ಬಂದರೆ ಮಾಡಿ ನೋಡಿ. ಏನಾಯಿತು ಅಂತ ಎರಡು ಸಾಲು ತಿಳಿಸಿ. ಕೆಲಸ ಆಗದಿದ್ದರೂ ತಿಳಿಸಿ. ಬಹಳ ಮಂದಿ ಇದೊಂದನ್ನು ಮಾಡುವುದೇ ಇಲ್ಲ.

ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.