ತರಬೇತಿ ಮುಗಿದ ಮೇಲಿನ ಎರಡು ವರ್ಷ

ಸಭೆಯಲ್ಲಿರುವ ಹಿರಿಯರಿಗೆ, ಬ್ಯಾಂಕಿನ ಮಿತ್ರರಿಗೆ ಮತ್ತು ಮಹಿಳಾ ಸ್ವಸಹಾಯ ಸಂಘಗಳು ಕೂಡಿ ಕಟ್ಟಿಕೊಂಡ ಸಂಜೀವಿನಿ ಒಕ್ಕೂಟಗಳಿಂದ ಬಂದಿರುವ ಸಹೋದರಿಯರಿಗೆ ನಮಸ್ಕಾರಗಳು.

ಬಡ ಕುಟುಂಬದ ಯುವಕ ಯುವತಿಯರಿಗೆ ಒಂದು ಕಸುಬು ಕಲಿಸಿ ಪ್ರಮಾಣಪತ್ರ ಕೊಟ್ಟುಬಿಟ್ಟರೆ ಕರ್ತವ್ಯ ಮುಗಿಯಿತೆಂದು ಭಾವಿಸುವ ಕಾರ್ಯಕ್ರಮಗಳು ನಮ್ಮಲ್ಲಿ ಬೇಕಾದಷ್ಟಿವೆ. ಆದರೆ ಅವರಿಗೆ ನಿಜವಾದ ಕಷ್ಟ ಎದುರಾಗುವುದು ಆ ಪತ್ರ ಕೈಗೆ ಬಂದ ಮೇಲೆಯೇ. ಇದನ್ನು ಬಹಳ ಮೊದಲೇ ಮನಗಂಡ ಸಂಸ್ಥೆಯೆಂದರೆ ಉಜಿರೆಯ ರುಡ್‌ಸೆಟ್, ಅಂದರೆ ಗ್ರಾಮೀಣಾಭಿವೃದ್ಧಿ ಮತ್ತು ಸ್ವಉದ್ಯೋಗ ತರಬೇತಿ ಸಂಸ್ಥೆ. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುತುವರ್ಜಿಯಿಂದ ಅಲ್ಲಿನ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್‌ಗಳು ಕೂಡಿ 1982ರಲ್ಲಿ ಇದನ್ನು ಆರಂಭಿಸಿದವು. ಊಟ, ವಸತಿ, ಕಲಿಕೆ ಎಲ್ಲವೂ ಉಚಿತ. ಅವಧಿ ಕೆಲವೇ ವಾರಗಳು. 2009ರಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವು ಇದೇ ಮಾದರಿಯನ್ನು ಸ್ವೀಕರಿಸಿ, ಜಿಲ್ಲೆಗೊಂದು ಸ್ವಉದ್ಯೋಗ ತರಬೇತಿ ಸಂಸ್ಥೆಯನ್ನು ಬ್ಯಾಂಕುಗಳ ಮೂಲಕ ಸ್ಥಾಪಿಸಲು ಮುಂದಾಯಿತು.

ಈ ಮಾದರಿಯಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವುದು ಕಲಿಸುವ ಕಸುಬುಗಳ ಪಟ್ಟಿಯಲ್ಲ. ಶಿಬಿರ ಮುಗಿದ ಮೇಲೆ ಎರಡು ವರ್ಷಗಳ ಕಾಲ ಶಿಬಿರಾರ್ಥಿಗಳ ಸಂಪರ್ಕದಲ್ಲಿದ್ದು, ಸಾಲ ಸಿಕ್ಕಿತೇ, ಅಂಗಡಿ ತೆರೆದರೇ, ಗಿರಾಕಿಗಳು ಬರುತ್ತಿದ್ದಾರೆಯೇ ಎಂದು ವಿಚಾರಿಸಿ ನೆರವಾಗುವ ಕ್ರಮ.

ಹೊಲಿಗೆ ಕಲಿತ ಹೆಣ್ಣುಮಗಳನ್ನೇ ನೋಡಿ. ರವಿಕೆಯ ಅಳತೆ ತೆಗೆಯುವುದು, ಕಟಿಂಗ್ ಮಾಡುವುದು, ತೋಳು ಕೂರಿಸುವುದು ಅವಳಿಗೆ ಚೆನ್ನಾಗಿ ಬರುತ್ತದೆ. ಕೂಲಿ ಎಷ್ಟೆಂದು ಹೇಳಬೇಕಾದಾಗ ಮಾತ್ರ ಲೈನಿಂಗ್ ಬಟ್ಟೆ, ದಾರ, ಹುಕ್ಕುಗಳ ಬೆಲೆ ಲೆಕ್ಕ ಹಾಕುತ್ತಾಳೆ, ಕರೆಂಟ್ ಬಿಲ್ಲನ್ನು ಮರೆಯುತ್ತಾಳೆ, ತನ್ನ ಅರ್ಧ ದಿನದ ದುಡಿಮೆಯನ್ನಂತೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನೆರೆಹೊರೆಯವರು "ಮುಂದಿನ ವಾರ ಕೊಡ್ತೀನಿ ಬಿಡಕ್ಕ" ಎಂದರೆ ಬೇಡವೆನ್ನಲು ಸಂಕೋಚ. ಹೀಗೆ ಆರು ತಿಂಗಳು ನಡೆದರೆ ಯಂತ್ರದ ಮೇಲೆ ಬಟ್ಟೆ ಹೊದಿಸಿಟ್ಟು ಮತ್ತೆ ಕೂಲಿಗೆ ಹೋಗುವುದೇ ಲೇಸೆನಿಸುತ್ತದೆ. ಇಂಥ ಹೊತ್ತಿನಲ್ಲಿ ಅವಳ ಲೆಕ್ಕದ ಪುಸ್ತಕವನ್ನು ಬಿಡಿಸಿ ನೋಡಿ, ತನ್ನ ದುಡಿಮೆಗೂ ಬೆಲೆ ಕಟ್ಟಬೇಕೆಂದು ಕೂತು ತಿಳಿಹೇಳುವ ಒಬ್ಬರು ಬೇಕು.

ಸಾಲದ ವಿಷಯವೂ ಅಷ್ಟೇ. 2015ರಲ್ಲಿ ಬಂದ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಅಡಮಾನವಿಲ್ಲದೆ ಸಾಲ ಕೊಡಲು ಅವಕಾಶವಿದೆ. ಆದರೆ ಕೊಟೇಶನ್ನು, ವಿಳಾಸದ ದಾಖಲೆಗಳೆಂದು ಬ್ಯಾಂಕಿಗೆ ಮೂರು ಸಲ ಅಲೆದವಳು ನಾಲ್ಕನೆಯ ಸಲ ಮನೆ ಬಾಗಿಲಿಗೇ ಬರುವ ಕಿರುಸಾಲದವರನ್ನು ಒಪ್ಪಿಕೊಂಡರೆ ಅವಳನ್ನು ದೂರಲಾಗದು. ಆ ಸಾಲದ ಕಂತು ವಾರವಾರವೂ ಕಟ್ಟಬೇಕಾದದ್ದು. ಹೊಸ ಉದ್ಯಮದ ಆದಾಯವೋ ಹಬ್ಬಕ್ಕೆ, ಮದುವೆಗೆ ಬರುವಂಥದ್ದು. ಒಂದು ಕಂತು ತೀರಿಸಲು ಮತ್ತೊಂದು ಕಡೆ ಸಾಲ ಮಾಡುವುದು ಇಲ್ಲಿಂದಲೇ ಶುರು. ವಸೂಲಿಯ ಕಿರುಕುಳ ತಡೆಯಲು ನಮ್ಮ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಅದು ಅಗತ್ಯವಾಗಿತ್ತು, ಆದರೆ ಸಕಾಲದಲ್ಲಿ ಬ್ಯಾಂಕ್ ಸಾಲ ಕೈಗೆ ಬರುವಂತೆ ಮಾಡುವುದು ಕಾನೂನಿನಿಂದಾಗುವ ಕೆಲಸವಲ್ಲ.

ಆದ್ದರಿಂದ ಇಲ್ಲಿರುವ ಬ್ಯಾಂಕ್ ಅಧಿಕಾರಿಗಳಲ್ಲಿ ನನ್ನದೊಂದು ವಿನಂತಿ: ಶಿಬಿರದ ಕೊನೆಯ ವಾರದಲ್ಲಿಯೇ ಸಂಬಂಧಪಟ್ಟ ಶಾಖೆಯವರು ಅಲ್ಲಿಗೆ ಬಂದು ಅರ್ಜಿಗಳನ್ನು ಪರಿಶೀಲಿಸಿ, ಯಾವ ಕಾಗದ ಕಡಿಮೆಯಿದೆಯೆಂದು ಒಂದೇ ಸಲಕ್ಕೆ ಬರೆದುಕೊಡಲಿ. ಒಕ್ಕೂಟದ ಸಹೋದರಿಯರು ತಮ್ಮ ತಿಂಗಳ ಸಭೆಯಲ್ಲಿ, ತರಬೇತಿ ಪಡೆದು ಬಂದವರ ವ್ಯಾಪಾರ ಹೇಗೆ ನಡೆದಿದೆಯೆಂಬುದನ್ನೂ ಸಾಲ ಮರುಪಾವತಿಯಷ್ಟೇ ಕಾಳಜಿಯಿಂದ ಚರ್ಚೆಗೆ ತೆಗೆದುಕೊಳ್ಳಲಿ. ಇದಕ್ಕೆ ಹೊಸ ಯೋಜನೆಯಾಗಲಿ, ಹೊಸ ಅನುದಾನವಾಗಲಿ ಬೇಕಿಲ್ಲ; ಬರುವ ತಿಂಗಳ ಸಭೆಯಿಂದಲೇ ಆರಂಭಿಸಬಹುದು.