160 ಎಕರೆ ಸಿಕ್ಕವರು, 40 ಎಕರೆ ಕಳೆದುಕೊಂಡವರು

[ತೆರೆಯ ಮೇಲೆ: ಕತ್ತಲು, ಲಾಟೀನು, ಗೋಡೆ ಗಡಿಯಾರ]

1863ರ ಜನವರಿ 1. ಅಮೆರಿಕದ ನೆಬ್ರಾಸ್ಕಾದ ಬ್ರೌನ್‌ವಿಲ್ ಎಂಬ ಊರು. ಡೇನಿಯಲ್ ಫ್ರೀಮನ್ ಎಂಬಾತ ಭೂ ಕಚೇರಿಯ ಗುಮಾಸ್ತನಿಗೆ ದುಂಬಾಲು ಬಿದ್ದಿದ್ದಾನೆ. ತಾನು ಸೇನೆಗೆ ವಾಪಸ್ ಹೋಗಬೇಕು, ಈಗಲೇ ಬಾಗಿಲು ತೆಗೆದು ತನ್ನ ಅರ್ಜಿ ತಗೊಳ್ಳಿ ಅಂತ. ಮಧ್ಯರಾತ್ರಿ ಕಳೆದು ಹತ್ತು ನಿಮಿಷಕ್ಕೆ ಅರ್ಜಿ ಬಿತ್ತು ಎನ್ನುತ್ತಾರೆ. ಈ ನಿಮಿಷದ ಲೆಕ್ಕಕ್ಕೆ ಸ್ವಲ್ಪ ಮಸಾಲೆ ಸೇರಿರಬಹುದು. ಆದರೆ ನೆಲೆಸಿ ಬೇಸಾಯ ಮಾಡುವವರಿಗೆ ಸರ್ಕಾರಿ ಜಮೀನು ಕೊಡುವ ಹೋಮ್‌ಸ್ಟೆಡ್ ಕಾಯ್ದೆಯಡಿ ಮೊದಲ ದಿನವೇ ಅರ್ಜಿ ಹಾಕಿದವರಲ್ಲಿ ಅವನೂ ಒಬ್ಬ.

ಅದೇ ದಿನ ಅಧ್ಯಕ್ಷ ಲಿಂಕನ್ ಇನ್ನೊಂದು ಕಾಗದಕ್ಕೆ ಸಹಿ ಹಾಕಿದರು. ಬಂಡೆದ್ದ ದಕ್ಷಿಣದ ರಾಜ್ಯಗಳ ಗುಲಾಮರು ಇನ್ನು ಸ್ವತಂತ್ರರು ಎಂಬ ಘೋಷಣೆ ಅದು. ಒಂದು ಕಾಗದ ಜಮೀನು ಕೊಟ್ಟಿತು. ಇನ್ನೊಂದು ಸ್ವಾತಂತ್ರ್ಯ ಕೊಟ್ಟಿತು, ಜಮೀನಿನ ಮಾತೇ ಎತ್ತಲಿಲ್ಲ.

ಮೊದಲ ಕಾಗದ ಹುಟ್ಟಿದ್ದೂ ಉತ್ತರ, ದಕ್ಷಿಣದ ರಾಜ್ಯಗಳ ನಡುವಿನ ಅಂತರ್ಯುದ್ಧದಿಂದಲೇ. ಪಶ್ಚಿಮದ ತುಂಬ ಸಣ್ಣ ರೈತರು ನೆಲೆಯೂರಿದರೆ ಗುಲಾಮಗಿರಿಗೆ ಅಲ್ಲಿ ಜಾಗ ಇರುವುದಿಲ್ಲ ಎಂದು ದಕ್ಷಿಣದ ಜಮೀನ್ದಾರರಿಗೆ ಭಯ. 1860ರಲ್ಲಿ ಇಂಥದ್ದೇ ಮಸೂದೆಯನ್ನು ಅಧ್ಯಕ್ಷ ಬುಕಾನನ್ ತಡೆದಿದ್ದರು. ಆಮೇಲೆ ದಕ್ಷಿಣದವರು ಸಂಸತ್ತು ಬಿಟ್ಟು ಹೊರನಡೆದರು. ವಿರೋಧಿಸುವವರೇ ಇಲ್ಲ! 1862ರ ಮೇ 20ಕ್ಕೆ ಕಾಯ್ದೆ ಆಯಿತು.

ಷರತ್ತು ಸರಳ. 21 ವಯಸ್ಸಾಗಿರಬೇಕು, ಇಲ್ಲವೇ ಮನೆಯ ಯಜಮಾನನಾಗಿರಬೇಕು. ಮದುವೆಯಾಗದ ಹೆಣ್ಣುಮಕ್ಕಳು, ವಿಧವೆಯರೂ ಅರ್ಜಿ ಹಾಕಬಹುದು. ಸರ್ಕಾರದ ವಿರುದ್ಧ ಬಂದೂಕು ಹಿಡಿದಿರಬಾರದು. ಸುಮಾರು 18 ಡಾಲರ್ ಶುಲ್ಕ, 5 ವರ್ಷ ಅಲ್ಲೇ ವಾಸ, ಬೇಸಾಯ. ಕೊನೆಗೆ ಇಬ್ಬರ ಸಾಕ್ಷಿ. ಆಗ 160 ಎಕರೆ ನಿಮ್ಮದು. ನಮ್ಮ ಲೆಕ್ಕದಲ್ಲಿ 6,400 ಗುಂಟೆ. ನಮ್ಮಲ್ಲಿ ಎರಡು ಗುಂಟೆಗೆ ಅಣ್ಣತಮ್ಮಂದಿರು ಕೋರ್ಟಿಗೆ ಅಲೆಯುತ್ತಾರೆ, ಅಲ್ವಾ?

[ತೆರೆಯ ಮೇಲೆ: ಹುಲ್ಲುಗಾವಲು, ಒಂದೂ ಮರವಿಲ್ಲ]

ಆದರೆ ಮನೆ ಕಟ್ಟೋಕೆ ಮರವೇ ಇಲ್ಲ. ನೇಗಿಲಿನಿಂದ ನೆಲ ಸೀಳಿ, ಹುಲ್ಲಿನ ಬೇರು ಹಿಡಿದುಕೊಂಡ ಮಣ್ಣನ್ನೇ ಇಟ್ಟಿಗೆಯ ಹಾಗೆ ಕತ್ತರಿಸಿ, ಹುಲ್ಲು ಕೆಳಗಾಗುವಂತೆ ಒಂದರ ಮೇಲೊಂದು ಪೇರಿಸಿದರು. ಬೇಸಿಗೆಯಲ್ಲಿ ತಂಪು, ಚಳಿಗೆ ಬೆಚ್ಚಗೆ. ಮಳೆ ಬಂದರೆ ಮಾತ್ರ ಚಾವಣಿಯಿಂದ ಕೆಸರು ತೊಟ್ಟಿಕ್ಕುತ್ತಿತ್ತು. ಹಾವೂ ಬೀಳುತ್ತಿತ್ತು. ಅದಕ್ಕೇ ಕೆಲವರು ಒಳಗೆ ಚಾವಣಿಗೆ ಬಟ್ಟೆ ಕಟ್ಟಿದರು. ಒಲೆಗೆ ಕಾಡೆಮ್ಮೆಯ ಒಣ ಸಗಣಿ. ನಮ್ಮ ಬೆರಣಿಯೇ, ತಟ್ಟುವ ಕೆಲಸವಿಲ್ಲ ಅಷ್ಟೆ. 1874ರಲ್ಲಿ ಮಿಡತೆ ಹಿಂಡು ಬಂದು ಬೆಳೆ ನುಂಗಿತು. ಎಷ್ಟೋ ಜನ ಗಂಟುಮೂಟೆ ಕಟ್ಟಿದರು. ಗಟ್ಟಿಯಾಗಿ ಉಳಿದು ಹಕ್ಕುಪತ್ರ ಪಡೆದವರು, ಎಲ್ಲ ವರ್ಷ ಸೇರಿ, ಸುಮಾರು 16 ಲಕ್ಷ.

ಇದನ್ನು "ಪುಕ್ಕಟೆ ಜಮೀನು" ಎನ್ನುತ್ತಾರೆ. ನನಗೆ ಆ ಮಾತು ಹಿಡಿಸುವುದಿಲ್ಲ. ಅದು ಯಾರೂ ಇಲ್ಲದೆ ಬೀಳು ಬಿದ್ದ ನೆಲ ಆಗಿರಲಿಲ್ಲ. ಫ್ರೀಮನ್ ಅರ್ಜಿ ಹಾಕುವ ಆರು ದಿನ ಮೊದಲು, ಮಿನೆಸೋಟಾದ ಮ್ಯಾಂಕೇಟೊದಲ್ಲಿ ಡಕೋಟಾ ಎಂಬ ಮೂಲನಿವಾಸಿ ಬುಡಕಟ್ಟಿನ 38 ಗಂಡಸರನ್ನು ಒಟ್ಟಿಗೆ ಗಲ್ಲಿಗೇರಿಸಿದ್ದರು. ಮರುವರ್ಷ ಡಕೋಟಾ ಜನರನ್ನು ಆ ರಾಜ್ಯದಿಂದಲೇ ಹೊರಹಾಕಿದರು.

[ತೆರೆಯ ಮೇಲೆ: ದಕ್ಷಿಣದ ಕರಾವಳಿ, ಹತ್ತಿಯ ಹೊಲ]

ಈಗ ಎರಡನೇ ಕಾಗದದವರ ಕಡೆ ಬರೋಣ. 1865ರ ಜನವರಿ 12, ದಕ್ಷಿಣದ ಸವಾನ್ನಾ ಊರು. ಲಿಂಕನ್ ಸೇನೆಯ ಜನರಲ್ ಶರ್ಮನ್ ಮುಂದೆ 20 ಮಂದಿ ಕಪ್ಪು ಧರ್ಮಗುರುಗಳು ಕೂತಿದ್ದಾರೆ. ಅವರ ಪರವಾಗಿ ಮಾತಾಡಿದವರು 67ರ ಗ್ಯಾರಿಸನ್ ಫ್ರೇಜಿಯರ್. 1,000 ಡಾಲರ್‌ನಷ್ಟು ಚಿನ್ನ, ಬೆಳ್ಳಿ ತೆತ್ತು ತಮ್ಮನ್ನೂ ಹೆಂಡತಿಯನ್ನೂ ಬಿಡಿಸಿಕೊಂಡವರು ಅವರು. ನಿಮ್ಮ ಕಾಲ ಮೇಲೆ ನೀವು ನಿಲ್ಲೋಕೆ ಏನು ಬೇಕು ಎಂದು ಕೇಳಿದ್ದಕ್ಕೆ, ಜಮೀನು, ನಾವೇ ಉತ್ತು ಬೆಳೆಯುತ್ತೇವೆ ಎಂದರು.

ನಾಲ್ಕೇ ದಿನದಲ್ಲಿ ಶರ್ಮನ್ ಆದೇಶ ಬಂತು. ಕುಟುಂಬಕ್ಕೆ 40 ಎಕರೆವರೆಗೆ ಕರಾವಳಿಯ ಭೂಮಿ. ಜೂನ್ ಹೊತ್ತಿಗೆ ಸುಮಾರು 40,000 ಜನ ಅಲ್ಲಿ ನೆಲೆಯೂರಿದ್ದರು.

ಏಪ್ರಿಲ್‌ನಲ್ಲಿ ಲಿಂಕನ್ ಕೊಲೆಯಾಯಿತು. ಹೊಸ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಹಳೆಯ ಜಮೀನ್ದಾರರಿಗೆ ಕ್ಷಮೆ ಕೊಟ್ಟು ಭೂಮಿಯನ್ನೂ ವಾಪಸ್ ಕೊಡಿಸಿದರು. ಈ ಸುದ್ದಿ ಹೇಳೋಕೆ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ ಗುಲಾಮರ ನೆರವಿನ ಸರ್ಕಾರಿ ಇಲಾಖೆಯ ಮುಖ್ಯಸ್ಥ ಜನರಲ್ ಹೊವಾರ್ಡ್ ಆ ಕರಾವಳಿಯ ಎಡಿಸ್ಟೊ ದ್ವೀಪಕ್ಕೆ ಹೋದರು. ಅದೇ ಯುದ್ಧದಲ್ಲಿ ಬಲಗೈ ಕಳೆದುಕೊಂಡಿದ್ದ ಮನುಷ್ಯ. ಚರ್ಚ್ ತುಂಬ ಜನ. ಮೇಲಿನ ಅಟ್ಟಣಿಗೆಯಿಂದ ಒಬ್ಬ ಎದ್ದು ಕೇಳಿದ: ಸರ್ಕಾರಕ್ಕೆ ಯಾವತ್ತೂ ನಿಯತ್ತಾಗಿದ್ದ ನಮ್ಮಿಂದ ಭೂಮಿ ಕಿತ್ತು, ನಮ್ಮ ವೈರಿಗಳಿಗೆ ಯಾಕೆ ಕೊಡುತ್ತೀರಿ?

ದ್ವೀಪದವರು ಅಧ್ಯಕ್ಷರಿಗೂ ಅರ್ಜಿ ಬರೆದರು. ಭೂಮಿ ಹಳೆಯ ಮಾಲೀಕರ ಕೈಗೇ ಹೋಯಿತು.